ಫೈಬರ್ ಪೈಪನ್ನು ಬೈಯುವ ಮುಂಚೆ ಟೂಲ್ ಬಾಕ್ಸ್ ತೆಗೆದು ನೋಡಿ

ಮಾನ್ಯ ಸಂಪಾದಕರೇ,

ಕಾರ್ಖಾನೆಯ ಕೊಳಚೆ ನೀರಿನ ಪೈಪ್ ಬಿಟ್ಟುಕೊಂಡು ಪಕ್ಕದ ರಾಗಿ ಹೊಲಕ್ಕೆ ನೀರು ನುಗ್ಗಿದ ಸುದ್ದಿ ನಿಮ್ಮ ಜಿಲ್ಲಾ ಪುಟದಲ್ಲಿ ಬಂದಿತ್ತು. ಆಮೇಲೆ ಓದುಗರೊಬ್ಬರು ಪತ್ರ ಬರೆದು, ಈ ಫೈಬರ್ ಪೈಪ್ ಅನ್ನೋದೇ ಕಳಪೆ ಮಾಲು, ಕಬ್ಬಿಣದ್ದು ಹಾಕಿದ್ದರೆ ಹೀಗಾಗುತ್ತಿರಲಿಲ್ಲ ಅಂದಿದ್ದರು. ಬೆಳೆ ನಿಂತ ಹೊಲದಲ್ಲಿ ಹುಳಿ ವಾಸನೆಯ ನೀರು ನಿಂತರೆ ಯಾರಿಗೆ ತಾನೇ ಹೊಟ್ಟೆ ಉರಿಯಲ್ಲ? ಸಿಟ್ಟು ಸರಿಯಾಗಿಯೇ ಇದೆ, ಬಿದ್ದಿರುವುದು ಮಾತ್ರ ಪೈಪಿನ ಮೇಲೆ. ಅದನ್ನು ಜೋಡಿಸಲು ಬಂದವರ ಟೂಲ್ ಬಾಕ್ಸ್ ಒಳಗೆ ಏನಿತ್ತು ಅಂತ ಯಾರೂ ಕೇಳಲೇ ಇಲ್ಲ.

ನಾನು ಪೈಪ್ ಫಿಟ್ಟರ್. ಗಲ್ಫ್‌ನಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಪ್ಲಾಂಟುಗಳಲ್ಲಿ ಇದೇ ಫೈಬರ್‌ಗ್ಲಾಸ್ ಪೈಪಿಗೆ ಜಾಯಿಂಟ್ ಹಾಕುವ ಕೆಲಸ ಮಾಡಿ ಬಂದವನು. ಈಗ ತುಮಕೂರು, ವಸಂತನರಸಾಪುರದ ಕೈಗಾರಿಕಾ ಪ್ರದೇಶ, ಆ ಕಡೆ ಗೌರಿಬಿದನೂರಿನವರೆಗೆ ಸಣ್ಣಪುಟ್ಟ ರಿಪೇರಿ ಕೆಲಸ ಹಿಡಿದು ಮಾಡುತ್ತೇನೆ. ಹಾಗಾಗಿ ಈ ವಿಷಯದಲ್ಲಿ ಸುಮ್ನೆ ಕೂರಲು ಆಗಲಿಲ್ಲ.

ಮೊದಲು ಪೈಪಿನ ವಿಚಾರ ಮುಗಿಸಿಬಿಡುತ್ತೇನೆ. ಗಾಜಿನ ನೂಲನ್ನು, ಆಮೇಲೆ ಗಟ್ಟಿಯಾಗುವ ಅಂಟಿನಂಥ ದ್ರವ, ಅಂದರೆ ರೆಸಿನ್‌ನಲ್ಲಿ ಅದ್ದಿ ಅಚ್ಚಿನ ಮೇಲೆ ಸುತ್ತಿ ಮಾಡುವ ಪೈಪ್ ಇದು. ರೆಸಿನ್‌ನಲ್ಲಿ ಪಾಲಿಯೆಸ್ಟರ್, ವಿನೈಲ್ ಎಸ್ಟರ್, ಎಪಾಕ್ಸಿ ಅಂತ ಬೇರೆ ಬೇರೆ ಬಗೆಯಿದೆ, ಒಳಗೆ ಹರಿಯುವ ನೀರಿನಲ್ಲಿ ಏನಿದೆ ಅನ್ನೋದನ್ನು ನೋಡಿ ಆರಿಸಬೇಕು. ಆಸಿಡ್ ಬೆರೆತ ನೀರು, ಉಪ್ಪು ನೀರು ಹರಿಯುವ ಕಡೆ ಕಬ್ಬಿಣವನ್ನು ಒಳಗಿಂದ ತಿಂದುಹಾಕುತ್ತದೆ, ಇದಕ್ಕೆ ತುಕ್ಕಿನ ಮಾತೇ ಇಲ್ಲ. ತೂಕವೂ ಕಮ್ಮಿ, ಅಷ್ಟೇ ದಪ್ಪದ ಕಬ್ಬಿಣದ ಹೆಚ್ಚುಕಮ್ಮಿ ಕಾಲು ಭಾಗ. ಆ ಕಾರ್ಖಾನೆಯವರು ಕಬ್ಬಿಣದ ಪೈಪ್ ಹಾಕಿದ್ದರೆ ಹೊಲಕ್ಕೆ ನೀರು ಇನ್ನೂ ಬೇಗ ಬರುತ್ತಿತ್ತೇನೋ.

ಬಿಟ್ಟುಕೊಂಡ ಜಾಗವನ್ನು ಅಗೆದಾಗ ನಾನೂ ಹೋಗಿದ್ದೆ. ಪೈಪಿನ ಮೈ ಎಲ್ಲೂ ಸೀಳಿರಲಿಲ್ಲ. ಹೋಗಿದ್ದು ಜಾಯಿಂಟ್. ಎರಡು ಪೈಪಿನ ತುದಿಗಳನ್ನು ಎದುರುಬದುರು ಕೂರಿಸಿ, ಮೇಲೆ ಗಾಜಿನ ಮ್ಯಾಟ್ (ಗಾಜಿನ ನೂಲಿನ ಹಾಸು) ಮತ್ತು ರೆಸಿನ್ ಪದರ ಪದರವಾಗಿ ಸುತ್ತಿ ಮಾಡುವ ಜಾಯಿಂಟ್ ಅದು. ಸುತ್ತಿದ್ದ ಪಟ್ಟಿಯ ಅಂಚಿಗೆ ಸ್ಕ್ರೂಡ್ರೈವರ್ ತುದಿ ಹಾಕಿ ಎತ್ತಿದರೆ ಹಪ್ಪಳದ ಹಾಗೆ ಎದ್ದು ಬಂತು. ಕೆಳಗೆ ನೋಡಿದರೆ ಪೈಪ್ ಫ್ಯಾಕ್ಟರಿಯಿಂದ ಬಂದ ಹೊಳಪಿನಲ್ಲೇ ಇದೆ! ಅಳತೆಗೆ ಅಂತ ಮಾರ್ಕರ್ ಪೆನ್ನಿನಲ್ಲಿ ಎಳೆದ ಗೆರೆ ಕೂಡ ಅಳಿಸಿರಲಿಲ್ಲ. ಅಂದರೆ ಆ ಜಾಗವನ್ನು ಯಾರೂ ಉಜ್ಜಿಯೇ ಇಲ್ಲ.

ಈ ಕೆಲಸ ಗೊತ್ತಿರುವವರಿಗೆ ಅಷ್ಟು ನೋಡಿದರೆ ಸಾಕು. ರೆಸಿನ್ ಹೊಳಪಿನ ಮೇಲೆ ಹಿಡಿಯಲ್ಲ. ಪಟ್ಟಿ ಎಷ್ಟು ಅಗಲ ಬರುತ್ತದೋ ಅದಕ್ಕಿಂತ ಸ್ವಲ್ಪ ಜಾಸ್ತಿ ಅಗಲಕ್ಕೆ, ಪೈಪಿನ ಸುತ್ತ, ಒರಟು ಮರಳು ಡಿಸ್ಕಿನಿಂದ ಹೊಳಪೆಲ್ಲ ಹೋಗಿ ಮಬ್ಬಾಗುವವರೆಗೆ ಉಜ್ಜಬೇಕು. ಪೈಪಿನ ತಳಭಾಗದಲ್ಲಿ ಗ್ರೈಂಡರ್ ಹಿಡಿಯುವುದು ಕಷ್ಟ, ಗುಂಡಿಯೊಳಗೆ ಮಲಗಿಕೊಂಡು ಮಾಡಬೇಕು, ಹಾಗಾಗಿ ಸೋಮಾರಿಗಳು ಮೇಲುಗಡೆ ಮಾತ್ರ ಉಜ್ಜಿ ಕೆಳಗೆ ಬಿಟ್ಟುಬಿಡುತ್ತಾರೆ. ಉಜ್ಜಿದ ಮೇಲೆ ಧೂಳು ಒರೆಸಿ, ಕೈ ಮುಟ್ಟಿಸದೆ, ಆದಷ್ಟು ಬೇಗ ಪದರ ಹಾಕಬೇಕು. ಬೆಳಿಗ್ಗೆ ಉಜ್ಜಿಟ್ಟು ಸಂಜೆ ಬರುತ್ತೇನೆ ಅಂದರೆ ಅಷ್ಟರಲ್ಲಿ ಧೂಳು, ಬೆವರು, ತೇವ ಎಲ್ಲ ಕೂತಿರುತ್ತದೆ, ಮತ್ತೆ ಮೊದಲಿಂದ ಉಜ್ಜಬೇಕು. ಆ ಡಿಸ್ಕಿನ ಬೆಲೆ ನೂರು ರೂಪಾಯಿ ಆಸುಪಾಸು. ಲಕ್ಷಗಟ್ಟಲೆ ಪೈಪು ತಂದು, ನೂರು ರೂಪಾಯಿ ಡಿಸ್ಕ್ ತರದೆ ಕೆಲಸ ಮುಗಿಸಿದ್ದಾರೆ.

ಆ ಕೆಲಸಕ್ಕೆ ಏನೇನು ಸಾಮಾನು ತಂದಿದ್ದಿರಿ ಅಂತ ಅಲ್ಲಿದ್ದ ಹುಡುಗರನ್ನೇ ಕೇಳಿದೆ. ಒಂದು ಗ್ರೈಂಡರ್, ಕಬ್ಬಿಣ ಕತ್ತರಿಸುವ ಚಕ್ರ, ಪೇಂಟ್ ಹೊಡೆಯುವ ಬ್ರಷ್, ಒಂದು ಪೈಪ್ ರೆಂಚ್, ಚೈನು, ಮತ್ತೆ ಜೆಸಿಬಿ. ಮುಗೀತು. ಹುಡುಗರ ತಪ್ಪಿಲ್ಲ ಬಿಡಿ. ಕೊಟ್ಟಿದ್ದರಲ್ಲಿ ಮಾಡಿದ್ದಾರೆ, ಹೇಳಿಕೊಡಲು ಯಾರೂ ಇರಲಿಲ್ಲ.

ಕತ್ತರಿಸುವುದರಿಂದಲೇ ಶುರು ಮಾಡೋಣ. ಕಣ್ಣಂದಾಜಿನಲ್ಲಿ ಕತ್ತರಿಸಿದರೆ ತುದಿ ಸೊಟ್ಟಗಾಗುತ್ತದೆ, ಎರಡು ತುದಿ ಕೂಡಿಸಿದಾಗ ಒಂದು ಕಡೆ ಬಾಯಿ ಬಿಟ್ಟಿರುತ್ತದೆ. ನೇರ ಅಂಚಿರುವ ಅಗಲ ಪಟ್ಟಿಯೊಂದನ್ನು ಪೈಪಿಗೆ ಸುತ್ತಿ, ಅಂಚಿಗೆ ಅಂಚು ಕೂಡಿಸಿ, ಸುತ್ತಲೂ ಗೆರೆ ಎಳೆದು ಕತ್ತರಿಸಬೇಕು. ದಪ್ಪ ರಟ್ಟು ಸಿಕ್ಕರೂ ನಡೆಯುತ್ತದೆ, ಇದಕ್ಕೇನೂ ವಿದೇಶದಿಂದ ಸಾಮಾನು ತರಿಸಬೇಕಾಗಿಲ್ಲ. ಕತ್ತರಿಸಲು ಡೈಮಂಡ್ ಚಕ್ರ ಒಳ್ಳೆಯದು, ಸಣ್ಣ ಪೈಪಿಗೆ ಸಣ್ಣ ಹಲ್ಲಿನ ಹ್ಯಾಕ್ಸಾ ಬ್ಲೇಡ್ ಸಾಕು. ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಕತ್ತರಿಸಿದ ತುದಿಯಲ್ಲಿ ಗಾಜಿನ ನೂಲು ಬೆತ್ತಲಾಗಿರುತ್ತದೆ, ಅದಕ್ಕೆ ರೆಸಿನ್ ಬಳಿದು ಮುಚ್ಚದಿದ್ದರೆ ಆಸಿಡ್ ನೀರು ನೂಲಿನ ಜೊತೆ ಜೊತೆಗೇ ಪೈಪಿನ ಗೋಡೆಯೊಳಗೆ ಹತ್ತುತ್ತಾ ಹೋಗುತ್ತದೆ. ಹೊರಗಿಂದ ಏನೂ ಕಾಣಲ್ಲ.

ಧೂಳಿನ ಮಾತು ಬಂತಲ್ಲ, ಹೇಳಿಬಿಡುತ್ತೇನೆ. ಪೈಪ್ ಕತ್ತರಿಸುವಾಗ, ಉಜ್ಜುವಾಗ ಏಳುವ ಗಾಜಿನ ಧೂಳು ಮೈಗೆ ಬಿದ್ದರೆ ತುರಿಕೆ ಜೀವ ಹಿಂಡುತ್ತದೆ. ನಮ್ಮ ಹುಡುಗರು ಮೂಗಿಗೆ ಟವೆಲ್ ಕಟ್ಟಿಕೊಂಡು, ಅರ್ಧ ತೋಳಿನ ಬನಿಯನ್ನಿನಲ್ಲಿ ಗ್ರೈಂಡರ್ ಹಿಡಿಯುತ್ತಾರೆ. ಟವೆಲ್ ಏನೂ ತಡೆಯಲ್ಲ. ಧೂಳಿಗೆ ಬೇರೆ ಮಾಸ್ಕ್, ರೆಸಿನ್ ವಾಸನೆಗೆ ಡಬ್ಬಿ ಇರುವ ಬೇರೆ ಮಾಸ್ಕ್, ಎರಡೂ ಬೇಕು. ತುಂಬು ತೋಳಿನ ಅಂಗಿ, ಕನ್ನಡಕ, ಗ್ಲೌಸ್. ತುರಿಕೆ ಶುರುವಾದರೆ ಉಜ್ಜದೆ ತಣ್ಣೀರಿನಲ್ಲಿ ತೊಳೆದುಕೊಳ್ಳಬೇಕು, ಬಿಸಿನೀರು ಹುಯ್ದರೆ ಇನ್ನೂ ಜಾಸ್ತಿಯಾಗುತ್ತದೆ.

ಇನ್ನು ರೆಸಿನ್ ಕಲೆಸುವುದು. ಎಲ್ಲಕ್ಕಿಂತ ಹೆಚ್ಚು ಎಡವಟ್ಟು ಆಗುವುದು ಇಲ್ಲೇ. ಪಾಲಿಯೆಸ್ಟರ್, ವಿನೈಲ್ ಎಸ್ಟರ್ ರೆಸಿನ್‌ಗೆ ಕೋಬಾಲ್ಟ್ ಅಂತ ಒಂದು ದ್ರವ, ಎಂಇಕೆಪಿ ಅಂತ ಇನ್ನೊಂದು ದ್ರವ ಹಾಕುತ್ತಾರೆ, ಆಗ ಗಟ್ಟಿಯಾಗುತ್ತದೆ. ಎಂಇಕೆಪಿ ಸಾಮಾನ್ಯವಾಗಿ ನೂರಕ್ಕೆ ಒಂದರಿಂದ ಎರಡು ಭಾಗ, ಅಂದರೆ ಒಂದು ಕೆಜಿಗೆ 10ರಿಂದ 20 ಗ್ರಾಂ. ಇಷ್ಟು ಸಣ್ಣ ಅಳತೆಯನ್ನು ನಮ್ಮ ಸೈಟುಗಳಲ್ಲಿ ಬಾಟಲಿ ಮುಚ್ಚಳದ ಲೆಕ್ಕದಲ್ಲಿ ಹಾಕುತ್ತಾರೆ! ಒಬ್ಬನ ಮುಚ್ಚಳ ದೊಡ್ಡದು, ಒಬ್ಬನದು ಚಿಕ್ಕದು. ಕಮ್ಮಿ ಬಿದ್ದರೆ ಜಾಯಿಂಟ್ ವಾರವಾದರೂ ಅಂಟಂಟಾಗೇ ಇರುತ್ತದೆ. ಜಾಸ್ತಿ ಬಿದ್ದರೆ ಡಬ್ಬಿಯಲ್ಲೇ ಬಿಸಿಯಾಗಿ ಹೊಗೆ ಬಂದು ಕಲ್ಲಾಗುತ್ತದೆ, ಪೈಪಿಗೆ ಹಚ್ಚಿದ್ದು ಬಿರುಕು ಬಿಡುತ್ತದೆ. ನಮ್ಮ ಏಪ್ರಿಲ್ ಬಿಸಿಲಿಗೆ, ಡಿಸೆಂಬರ್ ಬೆಳಗಿನ ಚಳಿಗೆ ಒಂದೇ ಅಳತೆ ನಡೆಯಲ್ಲ, ಕಂಪನಿಯವರು ಕೊಡುವ ಪಟ್ಟಿ ನೋಡಿಯೇ ಹಾಕಬೇಕು. ಗ್ರಾಂ ತೋರಿಸುವ ಸಣ್ಣ ತಕ್ಕಡಿ, ಅಳತೆ ಗೆರೆ ಇರುವ ಸಿರಿಂಜು, ಒಂದು ಥರ್ಮಾಮೀಟರ್, ಇಷ್ಟಕ್ಕೆ ಎಷ್ಟು ಖರ್ಚಾಗುತ್ತದೆ ಹೇಳಿ?

ಇದಕ್ಕಿಂತ ಗಂಭೀರವಾದದ್ದು ಇನ್ನೊಂದಿದೆ. ಕೋಬಾಲ್ಟ್ ಮತ್ತು ಎಂಇಕೆಪಿ ಎರಡನ್ನೂ ನೇರವಾಗಿ ಒಂದಕ್ಕೊಂದು ಬೆರೆಸಿದರೆ ಬೆಂಕಿ ಹತ್ತಬಹುದು, ಸಿಡಿಯಬಹುದು. ಮೊದಲು ಕೋಬಾಲ್ಟನ್ನು ರೆಸಿನ್‌ಗೆ ಹಾಕಿ ಚೆನ್ನಾಗಿ ತಿರುಗಿಸಿ, ಆಮೇಲೆ ಬೇರೆಯಾಗಿ ಎಂಇಕೆಪಿ ಹಾಕಬೇಕು. ಎರಡೂ ಕ್ಯಾನ್ ಒಂದೇ ಮೂಲೆಯಲ್ಲಿ ಇಡಲೂಬಾರದು. ಎಂಇಕೆಪಿ ಹನಿ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗುವ ಅಪಾಯವಿದೆ, ತಕ್ಷಣ ಕನಿಷ್ಠ 15 ನಿಮಿಷ ನೀರು ಬಿಟ್ಟು ತೊಳೆದು ಆಸ್ಪತ್ರೆಗೆ ಓಡಬೇಕು. ಆದರೆ ನಮ್ಮ ಕಡೆ ಇದನ್ನು ಹಳೆಯ ಕುಡಿಯುವ ನೀರಿನ ಬಾಟಲಿಗೆ ತುಂಬಿ ಬಿಸಿಲಲ್ಲಿ ಇಟ್ಟಿರುವುದನ್ನು ಕಣ್ಣಾರೆ ನೋಡಿದ್ದೇನೆ. ನೀರು ಅಂತ ಯಾರಾದರೂ ಎತ್ತಿಕೊಂಡರೆ ಗತಿಯೇನು?

ಎಪಾಕ್ಸಿ ಪೈಪಿನ ಕಥೆ ಬೇರೆ. ಅಲ್ಲಿ ಒಂದು ತುದಿಯನ್ನು ಇನ್ನೊಂದರ ಬಾಯೊಳಗೆ ಕೂರಿಸಿ ಅಂಟು ಹಾಕುತ್ತಾರೆ. ಸೈಟಿನಲ್ಲಿ ಕತ್ತರಿಸಿದ ತುದಿಯನ್ನು ಪೆನ್ಸಿಲ್ ಕೆತ್ತಿದ ಹಾಗೆ ಸುತ್ತಲೂ ಇಳಿಜಾರು ಮಾಡುವ ಯಂತ್ರ ಬೇಕು, ಇದನ್ನು ಗ್ರೈಂಡರಿನಲ್ಲಿ ಕೈಯಿಂದ ಮಾಡುತ್ತೇನೆ ಅನ್ನುವವನನ್ನು ನಂಬಬೇಡಿ. ಅಂಟಿನ ಕಿಟ್ ಪೂರ್ತಿ ಕಲೆಸಬೇಕು, ಅರ್ಧ ಇವತ್ತು ಅರ್ಧ ನಾಳೆ ಅಂತ ಉಳಿಸುವ ಹಾಗಿಲ್ಲ. ಆಮೇಲೆ ಜಾಯಿಂಟಿಗೆ ಕರೆಂಟಿನ ಬಿಸಿ ಪಟ್ಟಿ ಸುತ್ತಿ, ಹೇಳಿದಷ್ಟು ಹೊತ್ತು ಅದೇ ಬಿಸಿಯಲ್ಲಿ ಇಡಬೇಕು. ಹಳ್ಳಿ ಕಡೆ ಕರೆಂಟ್ ಹೋಗಿ ಬಂದು ಮಾಡುತ್ತಿರುತ್ತದೆ, ಅದನ್ನು ನಂಬಿ ಪಟ್ಟಿ ಸುತ್ತಿದರೆ ಕೆಲಸ ಕೆಟ್ಟಂತೆ. ಜನರೇಟರ್ ಇಲ್ಲದೆ ಈ ಕೆಲಸಕ್ಕೆ ಇಳಿಯಲೇಬಾರದು.

ಪದರ ಹಾಕುವಾಗ ಬ್ರಷ್ ಒಂದೇ ಸಾಲದು. ಗೆರೆ ಗೆರೆ ಇರುವ ಅಲ್ಯೂಮಿನಿಯಂ ರೋಲರ್ ಬರುತ್ತದೆ, ಅದರಿಂದ ಒತ್ತಿ ಉರುಳಿಸಿದರೆ ಒಳಗಿನ ಗಾಳಿ ಗುಳ್ಳೆ ಹೊರಗೆ ಬರುತ್ತದೆ. ಬಿಳಿ ಬಿಳಿ ಚುಕ್ಕಿ ಕಂಡರೆ ಅಲ್ಲಿ ಗಾಳಿ ಕೂತಿದೆ ಅಂತಲೇ ಅರ್ಥ. ಒಂದೊಂದು ಪದರವೂ ಕೆಳಗಿನದಕ್ಕಿಂತ ಸ್ವಲ್ಪ ಅಗಲ ಇರಬೇಕು. ಎಲ್ಲ ಮುಗಿದ ಮೇಲೆ ಗಟ್ಟಿಯಾಗಿದೆಯಾ ಅಂತ ನೋಡಲು ಬಾರ್ಕೋಲ್ ಅನ್ನುವ ಕೈಯಲ್ಲಿ ಹಿಡಿಯುವ ಮೀಟರ್ ಇದೆ. ಸಣ್ಣ ಮೊನೆಯನ್ನು ಮೇಲ್ಮೈಗೆ ಒತ್ತಿದರೆ ಮುಳ್ಳು ಒಂದು ಅಂಕಿ ತೋರಿಸುತ್ತದೆ, ಅಷ್ಟೇ. ಅದು ಇಲ್ಲದಿದ್ದರೆ ಬಟ್ಟೆಗೆ ಅಸಿಟೋನ್ ಹಾಕಿ ಉಜ್ಜಿ ನೋಡಬೇಕು, ಬೆರಳಿಗೆ ಅಂಟಿದರೆ ಇನ್ನೂ ಹಸಿ ಇದೆ ಅಂತ ಲೆಕ್ಕ. ತುಂತುರು ಮಳೆಯಲ್ಲಿ ಕೊಡೆ ಹಿಡಿದುಕೊಂಡು ಪದರ ಹಾಕಿಸುವ ಇಂಜಿನಿಯರುಗಳೂ ಇದ್ದಾರೆ. ಪೈಪ್ ತೇವ ಇದ್ದರೆ ಆ ದಿನ ಕೆಲಸ ನಿಲ್ಲಿಸಬೇಕು, ಬೇರೆ ದಾರಿಯಿಲ್ಲ.

ಫ್ಲೇಂಜ್, ಅಂದರೆ ಬೋಲ್ಟ್ ಹಾಕಿ ಕೂಡಿಸಲು ಪೈಪಿನ ತುದಿಯಲ್ಲಿರುವ ಅಗಲ ಬಳೆಯಂಥ ಅಂಚಿನ ಬಗ್ಗೆ ಸ್ವಲ್ಪ ಬಿಡಿಸಿ ಹೇಳಲೇಬೇಕು, ಯಾಕೆಂದರೆ ನನಗೆ ಬರುವ ರಿಪೇರಿ ಕೆಲಸದಲ್ಲಿ ಜಾಸ್ತಿ ಇದೇ. ಪಂಪಿನ ಕಡೆ ಕಬ್ಬಿಣದ ಫ್ಲೇಂಜ್, ಪೈಪಿನ ಕಡೆ ಫೈಬರ್ ಫ್ಲೇಂಜ್. ಕಬ್ಬಿಣದ್ದರಲ್ಲಿ ನಡುಭಾಗ ಸ್ವಲ್ಪ ಉಬ್ಬಿರುವ ಬಗೆ ಜಾಸ್ತಿ ಬಳಕೆಯಲ್ಲಿದೆ. ಅದಕ್ಕೆ ಚಪ್ಪಟೆ ಫೈಬರ್ ಫ್ಲೇಂಜ್ ಕೂಡಿಸಿ, ನಡುವೆ ಸೋರದಂತೆ ತಡೆಯುವ ಸಣ್ಣ ರಿಂಗ್ ಗ್ಯಾಸ್ಕೆಟ್ ಇಟ್ಟು, ಪಾನಾಕ್ಕೆ ಉದ್ದ ಪೈಪ್ ತೂರಿಸಿ ಮೈಮೇಲೆ ಬಂದವರ ಹಾಗೆ ಬಿಗಿಯುತ್ತಾರೆ. ಅಂಚಿನ ಕಡೆ ಆಸರೆ ಇಲ್ಲ, ಬೋಲ್ಟ್ ಎಳೆಯುತ್ತದೆ, ಫೈಬರ್ ಫ್ಲೇಂಜ್ ಬುಡದಲ್ಲಿ ಟಕ್ ಅಂತ ಸೀಳು ಬಿಡುತ್ತದೆ. ಸೋರುತ್ತಿದೆ ಅಂತ ಇನ್ನೂ ಬಿಗಿಯುತ್ತಾರೆ, ಇನ್ನೂ ಸೀಳುತ್ತದೆ. ಎರಡೂ ಮುಖ ಚಪ್ಪಟೆ ಇರಬೇಕು, ಫ್ಲೇಂಜಿನ ಪೂರ್ತಿ ಅಗಲಕ್ಕೂ ಬರುವ ಮೆತ್ತನೆಯ ರಬ್ಬರ್ ಗ್ಯಾಸ್ಕೆಟ್ ಇರಬೇಕು, ಪ್ರತಿ ಬೋಲ್ಟಿಗೂ ವಾಷರ್ ಇರಬೇಕು. ಎದುರುಬದುರಿನ ಬೋಲ್ಟುಗಳನ್ನು ಸ್ವಲ್ಪ ಸ್ವಲ್ಪವೇ ಸುತ್ತು ಹಾಕುತ್ತಾ, ಟಾರ್ಕ್ ರೆಂಚ್‌ನಲ್ಲಿ ಅಳತೆ ನೋಡಿ ಬಿಗಿಯಬೇಕು. ಕೆಲವೇ ಸಾವಿರಕ್ಕೆ ಸಿಗುವ ಟಾರ್ಕ್ ರೆಂಚ್ ಲಾರಿ ಗ್ಯಾರೇಜಿನಲ್ಲಿ ಇರುತ್ತದೆ, ಪೈಪ್ ಕಂಟ್ರಾಕ್ಟರ್ ಹತ್ತಿರ ಇರಲ್ಲ.

ರಬ್ಬರ್ ರಿಂಗ್ ಕಪ್ಲಿಂಗ್ (ಎರಡು ಪೈಪಿನ ತುದಿ ಒಳಗೆ ಕೂರುವ ತೋಳು) ಇರುವ ದೊಡ್ಡ ಪೈಪಿನ ಕಡೆ ಬಂದರೆ ಜೆಸಿಬಿಯದ್ದೇ ಕಾರುಬಾರು. ಬಕೆಟ್ಟಿನಿಂದ ತುದಿಗೆ ಗುದ್ದಿ ಪೈಪನ್ನು ಒಳಗೆ ನೂಕುತ್ತಾರೆ. ರಿಂಗ್ ತಾನು ಕೂರುವ ತೋಡಿನಿಂದ ಎದ್ದು ಮಡಚಿಕೊಂಡರೆ ಯಾರಿಗೂ ಕಾಣಲ್ಲ. ಪೈಪಿಗೆ ಎರಡು ಕಡೆ ಕ್ಲ್ಯಾಂಪ್ ಕಟ್ಟಿ, ಎರಡು ಮಗ್ಗುಲಲ್ಲೂ ಚೈನ್ ಪುಲ್ಲರ್ ಹಾಕಿ, ಸಮನಾಗಿ ಎಳೆದರೆ ಗುರುತಿನ ಗೆರೆಯವರೆಗೆ ತಾನಾಗಿ ಹೋಗಿ ಕೂರುತ್ತದೆ. ರಿಂಗಿಗೆ ಕಂಪನಿ ಕೊಡುವ ಸೋಪಿನಂಥ ಜಾರುಕ ಹಚ್ಚಬೇಕು, ಗ್ರೀಸ್ ಹಚ್ಚಿದರೆ ರಬ್ಬರ್ ಉಬ್ಬಿ ಹಾಳಾಗುತ್ತದೆ. ಎತ್ತುವಾಗ ಚೈನು, ವೈರ್ ರೋಪ್ ಮುಟ್ಟಿಸಬಾರದು, ಅಗಲವಾದ ನೈಲಾನ್ ಬೆಲ್ಟೇ ಆಗಬೇಕು. ಹಗುರ ಅಂತ ಲಾರಿಯಿಂದ ನೂಕಿ ಕೆಡವಿದರೆ ಹೊರಗೆ ಒಂದು ಗೀರು ಕೂಡ ಕಾಣದೆ ಒಳಮೈಯಲ್ಲಿ ನಕ್ಷತ್ರದ ಆಕಾರದ ಬಿರುಕು ಬಿಟ್ಟಿರುತ್ತದೆ.

ನಮ್ಮ ತುಮಕೂರಿನ ನೆಲವಂತೂ ನಿಮಗೆ ಗೊತ್ತೇ ಇದೆ, ನಾಲ್ಕಡಿ ಅಗೆದರೆ ಬಂಡೆ. ಬ್ರೇಕರ್ ಹಾಕಿ ಒಡೆದ ಚೂಪು ಕಲ್ಲುಗಳನ್ನೇ ಮತ್ತೆ ಪೈಪಿನ ಮೇಲೆ ಸುರಿಯುತ್ತಾರೆ. ಈ ಪೈಪ್ ಸುತ್ತಲಿನ ಮಣ್ಣಿನ ಆಸರೆಯಲ್ಲೇ ನಿಲ್ಲುವಂಥದ್ದು. ತಳಕ್ಕೆ ಮರಳೋ ಎಂ-ಸ್ಯಾಂಡೋ ಹಾಸಿ, ಮಗ್ಗುಲಿಗೂ ಅದನ್ನೇ ತುಂಬಿ, ಪದರ ಪದರವಾಗಿ ಸಣ್ಣ ಕಾಂಪ್ಯಾಕ್ಟರ್‌ನಲ್ಲಿ ಗಟ್ಟಿ ಮಾಡಬೇಕು. ಪೈಪಿನ ಹೊಟ್ಟೆಯ ಕೆಳಗಿನ ಸಂದಿಗೆ ಯಂತ್ರ ಹೋಗಲ್ಲ, ಅಲ್ಲಿ ಕೈಯಲ್ಲೇ ಗುದ್ದಬೇಕು. ಮುಚ್ಚಿದ ಮೇಲೆ ಪೈಪ್ ಎಷ್ಟು ಚಪ್ಪಟೆಯಾಗಿದೆ ಅಂತ ಒಳಗಿನಿಂದ ಅಳೆಯುವ ಪದ್ಧತಿಯೂ ಇದೆ, ಶುರುವಿನಲ್ಲಿ ವ್ಯಾಸದ ನೂರಕ್ಕೆ 3ರಷ್ಟು ಮೀರಬಾರದು ಅನ್ನೋದು ರೂಢಿಯ ಲೆಕ್ಕ. 300 ಮಿಲಿಮೀಟರ್ ಪೈಪಿಗೆ 9 ಮಿಲಿಮೀಟರ್. ಅಷ್ಟು ಕಳೆದು ಉಳಿದ 291 ಮಿಲಿಮೀಟರ್ ಉದ್ದಕ್ಕೆ ಕತ್ತರಿಸಿದ ಗೇಜ್ ಒಂದನ್ನು ಹಗ್ಗ ಕಟ್ಟಿ ಎಳೆದರೆ ಗೊತ್ತಾಗಿಬಿಡುತ್ತದೆ. ನಮ್ಮ ಕಡೆ ಯಾರಾದರೂ ಎಳೆದದ್ದನ್ನು ನಾನಂತೂ ನೋಡಿಲ್ಲ.

ಕೊನೆಗೆ ಟೆಸ್ಟ್. ಜಾಯಿಂಟ್ ಮುಚ್ಚುವ ಮೊದಲು ಸಾಮಾನ್ಯವಾಗಿ ಕೆಲಸದ ಒತ್ತಡದ ಒಂದೂವರೆ ಪಟ್ಟು ಒತ್ತಡದಲ್ಲಿ ನೀರು ತುಂಬಿ ನೋಡುತ್ತಾರೆ. ಇಲ್ಲಿ ನೀರಿಗೆ ಟ್ಯಾಂಕರ್ ತರಿಸಬೇಕು, ಅದಕ್ಕೆ ದುಡ್ಡು ಯಾರು ಕೊಡುತ್ತಾರೆ ಅಂತ ಜಗಳ. ಆಗ ಒಬ್ಬ ಬುದ್ಧಿವಂತ ಕಂಪ್ರೆಸರ್ ತಂದು ಗಾಳಿ ತುಂಬೋಣ ಅನ್ನುತ್ತಾನೆ. ದಯವಿಟ್ಟು ಬೇಡ. ನೀರು ತುಂಬಿದ ಪೈಪ್ ಒಡೆದರೆ ಬಟ್ಟೆ ಒದ್ದೆಯಾಗಬಹುದು, ಗಾಳಿ ತುಂಬಿದ್ದು ಒಡೆದರೆ ಚೂರು ಹಾರಿ ಜೀವ ಹೋಗುತ್ತದೆ.

ಇಷ್ಟೆಲ್ಲ ಯಾಕೆ ಹೀಗಾಗುತ್ತಿದೆ ಅಂದರೆ ನನ್ನ ಲೆಕ್ಕದಲ್ಲಿ ಕಾರಣ ಟೆಂಡರಿನಲ್ಲೇ ಇದೆ. ಪೈಪ್ ಹಾಕಲು ಮೀಟರಿಗೆ ಇಷ್ಟು, ಅದರಲ್ಲೇ ಎಲ್ಲ ಉಪಕರಣವೂ ಸೇರಿ ಅಂತ ಒಂದು ಸಾಲು ಬರೆದಿರುತ್ತಾರೆ. ಯಾವ ಉಪಕರಣ ಅಂತ ಹೇಳಿರಲ್ಲ. ಕಮ್ಮಿ ರೇಟು ಹಾಕಿದವನಿಗೆ ಕೆಲಸ ಸಿಗುತ್ತದೆ, ಅವನು ಉಳಿಸಲು ಇರುವ ಒಂದೇ ಜಾಗ ಈ ಸಾಮಾನು. ನಾನು ತಕ್ಕಡಿ, ಟಾರ್ಕ್ ರೆಂಚ್, ಜನರೇಟರ್, ಮಾಸ್ಕ್ ಎಲ್ಲ ಸೇರಿಸಿ ರೇಟು ಕೊಟ್ಟರೆ ಮೊದಲ ಸುತ್ತಿನಲ್ಲೇ ಔಟು. ಬಿಲ್ ಪಾಸ್ ಮಾಡುವವರು ಟೇಪ್ ಹಿಡಿದು ಉದ್ದ ಅಳೆಯುತ್ತಾರೆ, ಪೈಪಿನ ಮೇಲೆ ಮುದ್ರೆ ಇದೆಯಾ ನೋಡುತ್ತಾರೆ, ಹೋಗುತ್ತಾರೆ. ನಿಯಮ ಇಲ್ಲ ಅಂತೇನಿಲ್ಲ. ಕುಡಿಯುವ ನೀರಿನ ಫೈಬರ್ ಪೈಪಿಗೆ ಭಾರತೀಯ ಮಾನದಂಡ ಐಎಸ್ 12709, ಕೊಳಚೆ ಮತ್ತು ಕಾರ್ಖಾನೆ ನೀರಿನದ್ದಕ್ಕೆ ಐಎಸ್ 14402, ಹಾಕುವ ಕ್ರಮಕ್ಕೇ ಅಂತ ಐಎಸ್ 13916 ಬೇರೆ ಇದೆ. ಟೆಂಡರಿನಲ್ಲಿ ಮೊದಲ ಎರಡನ್ನು ಬರೆದು ಮೂರನೆಯದನ್ನು ಮರೆಯುತ್ತಾರೆ. ಹೊರದೇಶದಲ್ಲಿ ನಾನು ಕೆಲಸ ಮಾಡಿದ ಕಡೆ ಮೊದಲು ಒಂದು ಜಾಯಿಂಟ್ ಮಾಡಿ ತೋರಿಸಬೇಕಿತ್ತು, ಅದನ್ನು ಒತ್ತಡ ಹಾಕಿ ಪರೀಕ್ಷೆ ಮಾಡಿ ಪಾಸಾದರೆ ಮಾತ್ರ ಕೈಗೆ ಕಾರ್ಡ್ ಕೊಡುತ್ತಿದ್ದರು. ಕಾರ್ಡ್ ಇಲ್ಲದವನು ಬ್ರಷ್ ಮುಟ್ಟುವ ಹಾಗಿರಲಿಲ್ಲ. ಇಲ್ಲಿ ನಿನ್ನೆ ಗಾರೆ ಕೆಲಸ ಮಾಡುತ್ತಿದ್ದ ಹುಡುಗ ಇವತ್ತು ಆಸಿಡ್ ಲೈನಿನ ಜಾಯಿಂಟ್ ಹಾಕುತ್ತಾನೆ.

ಚಿಕ್ಕ ಕಂಟ್ರಾಕ್ಟರ್ ಎಲ್ಲವನ್ನೂ ಕೊಳ್ಳಲು ಆಗಲ್ಲ, ಅದೂ ನಿಜ. ಬಾರ್ಕೋಲ್ ಮೀಟರ್, ತುದಿ ಕೆತ್ತುವ ಯಂತ್ರ, ಬಿಸಿ ಪಟ್ಟಿ, ಟೆಸ್ಟ್ ಪಂಪ್ ಇವು ದುಬಾರಿ, ವರ್ಷಕ್ಕೆ ಒಂದೆರಡು ಕೆಲಸಕ್ಕೆ ಬೇಕಾಗುವಂಥವು. ರೈತರಿಗೆ ಹೋಬಳಿ ಮಟ್ಟದಲ್ಲಿ ಕೃಷಿ ಯಂತ್ರಧಾರೆ ಅಂತ ಬಾಡಿಗೆ ಕೇಂದ್ರ ಮಾಡಿದ್ದಾರಲ್ಲ, ಟ್ರ್ಯಾಕ್ಟರ್, ಟಿಲ್ಲರ್ ಬಾಡಿಗೆಗೆ ಸಿಗುತ್ತದಲ್ಲ, ಅದೇ ಥರ ವಸಂತನರಸಾಪುರದಲ್ಲಿ ಪೈಪ್ ಕೆಲಸದ ಸಾಮಾನಿಗೆ ಒಂದು ಬಾಡಿಗೆ ಕೇಂದ್ರ ಯಾಕೆ ಆಗಬಾರದು? ಚೆನ್ನೈ–ಬೆಂಗಳೂರು ಕೈಗಾರಿಕಾ ಕಾರಿಡಾರ್‌ನಲ್ಲಿ ತುಮಕೂರಿನ ಹೆಸರಿದೆ, ಇನ್ನೂ ಕಾರ್ಖಾನೆ ಬರುತ್ತವೆ, ಇನ್ನೂ ಪೈಪ್ ಬರುತ್ತದೆ. ಕೈಗಾರಿಕೆಯವರ ಸಂಘವೇ ಸೇರಿ ಮಾಡಿದರೂ ಆಯಿತು, ಸರ್ಕಾರವೇ ಮಾಡಬೇಕು ಅಂತಿಲ್ಲ. ಸಾಮಾನಿನ ಜೊತೆ ಅದನ್ನು ಬಳಸಲು ಬರುವ ಒಬ್ಬ ಮನುಷ್ಯನನ್ನೂ ಬಾಡಿಗೆಗೆ ಕಳಿಸಬೇಕು, ಇಲ್ಲದಿದ್ದರೆ ಮೀಟರ್ ತೆಗೆದುಕೊಂಡು ಹೋಗಿ ಮೂಲೆಯಲ್ಲಿಟ್ಟು ವಾಪಸ್ ಕೊಡುತ್ತಾರೆ, ನಮ್ಮವರ ವಿಷಯ ಗೊತ್ತಲ್ಲ.

ಐಟಿಐ ವಿಚಾರವನ್ನೂ ಸೇರಿಸುತ್ತೇನೆ. ರಾಜ್ಯದ 150 ಸರ್ಕಾರಿ ಐಟಿಐಗಳನ್ನು 2022ರಲ್ಲಿ ಟೆಕ್ನಾಲಜಿ ಹಬ್ ಅಂತ ಮೇಲ್ದರ್ಜೆಗೆ ಏರಿಸಿದರು, ಒಳ್ಳೆಯ ಕೆಲಸ. ಆದರೆ ನನ್ನ ಹತ್ತಿರ ಕೆಲಸಕ್ಕೆ ಬರುವ ಹುಡುಗರು ಜಿಐ, ಪಿವಿಸಿ ಪೈಪ್ ಕಲಿತು ಬರುತ್ತಾರೆ, ಫೈಬರ್ ಪೈಪ್ ಮುಟ್ಟಿಯೇ ಇರಲ್ಲ. ಇದಕ್ಕೆ ರೋಬಾಟ್ ಬೇಡ. ಒಂದಷ್ಟು ತುಂಡು ಪೈಪ್, ಮ್ಯಾಟ್, ರೆಸಿನ್, ತಕ್ಕಡಿ, ಗಾಳಿಯಾಡುವ ಒಂದು ಶೆಡ್ ಇದ್ದರೆ ಒಂದು ವಾರದಲ್ಲಿ ಕಲಿಸಬಹುದು. ಯಾವ ಐಟಿಐಯವರು ಕರೆದರೂ ನಾನು ಬಂದು ಹೇಳಿಕೊಡುತ್ತೇನೆ, ಬಸ್ ಚಾರ್ಜೂ ಕೇಳಲ್ಲ.

ಆ ಹೊಲದ ಪಕ್ಕದ ಲೈನನ್ನು ಈಗ ಮತ್ತೆ ಕೂಡಿಸಿದ್ದಾರೆ. ಬಿಟ್ಟುಕೊಂಡ ಜಾಯಿಂಟ್ ಒಂದನ್ನು ಮಾತ್ರ. ಅದೇ ಹುಡುಗರು, ಅದೇ ಸಾಮಾನಿನಲ್ಲಿ, ಅದೇ ವಾರ ಹಾಕಿದ ಉಳಿದ ಜಾಯಿಂಟುಗಳು ಮಣ್ಣಿನ ಕೆಳಗೆ ಹಾಗೇ ಇವೆ. ಮಳೆಗಾಲಕ್ಕೆ ಮುಂಚೆ ಅವನ್ನೂ ತೆಗೆಸಿ ನೋಡಬೇಕು ಅಂತ ಸಂಬಂಧಪಟ್ಟವರಿಗೆ ನಿಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ.

– ಒಬ್ಬ ಪೈಪ್ ಫಿಟ್ಟರ್, ತುಮಕೂರು